ಮಕ್ಕಳು ಹೊರಬಲ್ಲಷ್ಟು

ಡಿಸೆಂಬರ್ 4, ಗುರುವಾರ

ಮತ್ತೆ ಬರೆಯಲು ಕೂತಿದ್ದಕ್ಕೆ ಮೊದಲು ಕ್ಷಮೆ ಕೇಳಬೇಕು. ಯಾರಲ್ಲಿ ಎಂದು ಗೊತ್ತಿಲ್ಲ, ನನ್ನಲ್ಲೇ ಇರಬೇಕು. ಜೆಜು ದ್ವೀಪದ ಹಾಸ್ಟೆಲಿನಲ್ಲಿ ವಾರ್ಡನ್ ದಿಂಬು ಎತ್ತಿ ನೋಡುತ್ತಿದ್ದರು. ಅಲ್ಲಿ ಸಿಕ್ಕ ನನ್ನ ಡೈರಿಯನ್ನು ಊಟದ ಮೇಜಿನಲ್ಲಿ ಹುಡುಗಿಯರು ಓದಿ ನಕ್ಕ ಮೇಲೆ ಇನ್ನು ಬರೆಯುವುದಿಲ್ಲ ಎಂದುಕೊಂಡಿದ್ದೆ. ಸಾರಿ. ಇವತ್ತು ಬರೆಯದಿದ್ದರೆ ಯಾರಿಗಾದರೂ ಬಾಯಿಬಿಟ್ಟು ಹೇಳಿಬಿಡುತ್ತೇನೆ ಎಂಬ ಭಯ.

ನಮ್ಮ ಕಾಲೇಜಿನ ಸೇವಾ ಸಂಘ ವರ್ಷದ ಕೊನೆಗೆ ಕುಟುಂಬ ಸೇವಾ ದಿನ ಮಾಡುತ್ತದೆ. ಪುಟ್ಟ ಮಕ್ಕಳಿರುವ ಸಂಸಾರಗಳು ತಮ್ಮ ದುಡ್ಡಿನಲ್ಲಿ ಕಲ್ಲಿದ್ದಲ ಬಿಲ್ಲೆ ಕೊಂಡು, ತಾವೇ ಸಾಲಾಗಿ ನಿಂತು, ಕೈಯಿಂದ ಕೈಗೆ ದಾಟಿಸಿ, ಗುಡ್ಡದ ಮೇಲಿನ ಬಡವರ ಮನೆಯಲ್ಲಿ ಪೇರಿಸಿ ಬರುತ್ತವೆ. ಸೋಲ್ ನಗರದಲ್ಲಿ ಇನ್ನೂ ಕಲ್ಲಿದ್ದಲಿನಿಂದ ನೆಲ ಬೆಚ್ಚಗಿಟ್ಟುಕೊಳ್ಳುವ ಮನೆಗಳು ಉಳಿದಿರುವುದೇ ಅಂಥ ಓಣಿಗಳಲ್ಲಿ. ಮಕ್ಕಳಿಗೆ ಕೊಡುವ ಬುದ್ಧಿ ಬರಲಿ ಎಂದು ಎಲ್ಲರಿಗೂ ಆಸೆ.

ಸಂಘದ ಮುಖ್ಯಸ್ಥೆ ಯು-ರಿಮ್ ಅಕ್ಕ. ಮೂರನೇ ವರ್ಷ. ಒಳ್ಳೆಯವರು, ಅದೇ ಕಷ್ಟ.

"ನಾ-ರೆ, ಈ ಸಲ ವಿದೇಶಿ ಸಂಸಾರಗಳೂ ಬರ್ತಿವೆ. ಇಂಗ್ಲಿಷ್ ನಿನ್ನದು. ತಪ್ಪಿಸ್ಕೊಳ್ಳೋ ಹಾಗಿಲ್ಲ," ಎಂದರು. ಆಮೇಲೆ ಮೊಬೈಲ್ ನನ್ನ ಮುಖಕ್ಕೆ ಹಿಡಿದು, "ಮಕ್ಕಳು ಅಂದ್ಮೇಲೆ ಮೆಟ್ಟಿಲು ಕಮ್ಮಿ ಇರ್ಬೇಕು, ಲಾರಿ ಹತ್ರ ಬರ್ಬೇಕು, ಮನೆಯವರು ನಗ್ತಾ ಇರ್ಬೇಕು. ಈ ಮನೆ ಸಿಕ್ತು. ಅಜ್ಜಿ ಎಷ್ಟು ಮುದ್ದಾಗಿದಾರೆ ನೋಡೇ!"

ಫೋಟೋದಲ್ಲಿ ನನ್ನ ಅಜ್ಜಿ ಹೊಸ್ತಿಲ ಮೇಲೆ ಕೂತು ನಗುತ್ತಿದ್ದರು. ಪಕ್ಕದಲ್ಲಿ ನನ್ನ ನೀಲಿ ಚಪ್ಪಲಿ ಇತ್ತು.

"ಹೌದು, ಚೆನ್ನಾಗಿದಾರೆ," ಎಂದೆ.

ನಾನು ಆ ಮನೆಯಲ್ಲಿದ್ದೇನೆ ಎಂದು ಕಾಲೇಜಿನಲ್ಲಿ ಯಾರಿಗೂ ಗೊತ್ತಿಲ್ಲ. ಅಪ್ಪನಿಂದ ಬಂದ ಇಂಗ್ಲಿಷ್ ಮೂಗು, ಜೆಜುವಿನ ಹಾಸ್ಟೆಲ್ ಶಾಲೆ, ಇಷ್ಟು ನೋಡಿ ಅವರೇ ನನಗೊಂದು ದೊಡ್ಡ ಅಪಾರ್ಟ್‌ಮೆಂಟ್ ಕಟ್ಟಿಕೊಟ್ಟಿದ್ದಾರೆ. ಆ ಶಾಲೆಯ ಫೀಸು ಅಪ್ಪನ ಕಂಪನಿ ಕಟ್ಟುತ್ತಿತ್ತು. ಅಪ್ಪ ತನ್ನ ಊರಾದ ಲೀಡ್ಸ್‌ಗೆ ವಾಪಸ್ ಹೋದ ಮೇಲೆ ಕಂಪನಿಯೂ ಇಲ್ಲ, ಅಪ್ಪನೂ ಇಲ್ಲ. ಅಮ್ಮ ಬುಸಾನಿನಲ್ಲಿ ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾಳೆ, ಅಲ್ಲೇ ಮಲಗುತ್ತಾಳೆ. ನಾನು ಮೆಟ್ರೋ ನಿಲ್ದಾಣದ ಹತ್ತಿರ ಚಿಕ್ಕಮ್ಮನ ಮನೆಯಲ್ಲಿದ್ದೇನೆ ಎಂದು ಹೇಳಿದ್ದೇನೆ. ನನಗೆ ಚಿಕ್ಕಮ್ಮ ಇಲ್ಲ.

ಡಿಸೆಂಬರ್ 6, ಶನಿವಾರ

ನಾನು ಹೇಳುವ ಮೊದಲೇ ಅಜ್ಜಿಗೆ ಫೋನ್ ಬಂದಿತ್ತು. ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದರು.

"ಮತ್ತೆ ಬರ್ತಾರಂತೆ. ಈ ಸಲ ಮಕ್ಕಳಂತೆ."

"ಬೇಡ ಅನ್ನಿ ಅಜ್ಜಿ. ಕಲ್ಲಿದ್ದಲು ಶೆಡ್ಡಲ್ಲಿ ಇಲಿ ನುಗ್ಗೋಕೂ ಜಾಗ ಇಲ್ಲ."

"ಬೇಡ ಅಂದ್ರೆ ಏನಾಗತ್ತೆ ಗೊತ್ತಾ? ಕೆಳಗಿನ ಮನೆಯವಳು ಒಂದ್ಸಲ ದೊಡ್ಡ ಮನಸ್ಸು ಮಾಡಿ 'ನಂಗೆ ಸಾಕು, ಬೇರೆಯವರಿಗೆ ಕೊಡಿ' ಅಂದ್ಳು. ಮುಂದಿನ ವರ್ಷ ಒಂದು ನರಪಿಳ್ಳೆ ಅವಳ ಬಾಗಿಲಿಗೆ ಹೋಗ್ಲಿಲ್ಲ. ಫೆಬ್ರವರೀಲಿ ನನ್ನ ಹತ್ರ ಬಂದು ಕಲ್ಲಿದ್ದಲು ಕಡ ಇಸ್ಕೊಂಡು ಹೋದ್ಳು. ದೊಡ್ಡ ಮನಸ್ಸು!"

ಅದು ನಿಜ. ಡಿಸೆಂಬರಿನಲ್ಲಿ ಚರ್ಚಿನವರು, ಬ್ಯಾಂಕಿನವರು, ಕಂಪನಿಯವರು ಒಬ್ಬರ ಹಿಂದೆ ಒಬ್ಬರು ಬರುತ್ತಾರೆ. ಹೊಸ ವರ್ಷ ಕಳೆದ ಮೇಲೆ ನಾಯಿಯೂ ಹತ್ತುವುದಿಲ್ಲ. ಬಂದಾಗ ತುಂಬಿಸಿಕೊಳ್ಳಬೇಕು.

ನಾನು ಕೇಳಿಯೇಬಿಟ್ಟೆ. "ಅಜ್ಜಿ, ಅವತ್ತು ನನ್ನ ಗುರುತಿದೆ ಅಂತ ತೋರಿಸ್ಕೋಬೇಡಿ. ಸಾರಿ."

ಅಜ್ಜಿ ಬೆಳ್ಳುಳ್ಳಿಯಿಂದ ಕಣ್ಣೆತ್ತಲಿಲ್ಲ. "ಮತ್ತೆ ಏನಂತ ಕರೀಲಿ?"

"ಎಲ್ಲರನ್ನೂ ಕರೆಯೋ ಹಾಗೆ. ಸ್ಟೂಡೆಂಟ್ ಅಂತ."

"ಆಯ್ತು ಬಿಡು. ನಿಮ್ಮಮ್ಮನ ಮದುವೇಲೂ ನಿಮ್ಮಪ್ಪನ ಕಡೆಯವರು ನನ್ನ ಹಿಂದಿನ ಸಾಲಲ್ಲಿ ಕೂರಿಸಿದ್ರು. ಅಭ್ಯಾಸ ಇದೆ."

ನಗುತ್ತಲೇ ಹೇಳಿದರು. ನಾನೂ ನಕ್ಕೆ.

ಡಿಸೆಂಬರ್ 10

ತರಬೇತಿ. ಯು-ರಿಮ್ ಅಕ್ಕ ಒಂದು ಬಿಲ್ಲೆ ತಂದು ಮೇಜಿನ ಮೇಲಿಟ್ಟಿದ್ದರು. ದುಂಡಗೆ, ಕಪ್ಪಗೆ, ಮೈತುಂಬ ತೂತು. ಎದೆಗೆ ಅವುಚಿಕೊಳ್ಳಬಾರದು, ಅಡಿಗೆ ಕೈ ಕೊಡಬೇಕು, ಮಕ್ಕಳ ಕೈಗೆ ಕೊಡುವಾಗ 'ಹಿಡ್ಕೊಂಡ್ಯಾ?' ಎಂದು ಕೇಳಿ ಬಿಡಬೇಕು. ಕೊನೆಗೆ ಎಲ್ಲರೂ ಒಬ್ಬರ ಮೂಗಿಗೆ ಒಬ್ಬರು ಮಸಿ ಹಚ್ಚಿ ಫೋಟೋ.

ಸಂಗ್-ಹ್ಯೋಕ್ ಎನ್ನುವವನು ನನ್ನ ಕಡೆ ತಿರುಗಿ, "ಜೆಜು ರಾಜಕುಮಾರಿ, ಇದು ಕೇಕ್ ಅಲ್ಲ, ಕಚ್ಚಬೇಡ," ಎಂದ. ಎಲ್ಲರೂ ನಕ್ಕರು. ನಾನು ಬೇಕೆಂದೇ ಎರಡು ಬೆರಳಿನಲ್ಲಿ ತಪ್ಪಾಗಿ ಹಿಡಿದೆ. ಅಕ್ಕ ಪಾಪ, ಎದ್ದು ಬಂದು ನನ್ನ ಕೈ ಸರಿಮಾಡಿ ತೋರಿಸಿದರು. ಬೆಳಗ್ಗೆ ಇದೇ ಕೈಯಲ್ಲಿ ಇಕ್ಕಳ ಹಿಡಿದು, ಉರಿಯುವ ಬಿಲ್ಲೆಯ ಮೇಲೆ ಹೊಸದನ್ನು ತೂತಿಗೆ ತೂತು ಕೂಡಿಸಿ ಇಟ್ಟು ಬಂದಿದ್ದೆ.

"ಥ್ಯಾಂಕ್ಯೂ ಅಕ್ಕ," ಎಂದೆ.

ಡಿಸೆಂಬರ್ 14, ಭಾನುವಾರ

ನಿನ್ನೆ ಹಳದಿ ಜಾಕೆಟಿನ ಕಂಪನಿಯವರು ಬಂದಿದ್ದರಂತೆ. ನಾನು ಲೈಬ್ರರಿಯಲ್ಲಿದ್ದೆ. ಶೆಡ್ ತುಂಬಿದ್ದಕ್ಕೆ ಅಜ್ಜಿ ನನ್ನ ಕೋಣೆಯ ಕಿಟಕಿಯ ಕಡೆ ಪೇರಿಸಲು ಹೇಳಿದ್ದಾರೆ. ಈಗ ಕಿಟಕಿ ಇಲ್ಲ. ಮಧ್ಯಾಹ್ನವೂ ದೀಪ ಹಾಕಬೇಕು. ಚಾಪೆ ಹಾಸಿದರೆ ತಲೆ ಬಾಗಿಲಿಗೆ ತಾಗುತ್ತದೆ, ಕಾಲು ಕಲ್ಲಿದ್ದಲಿಗೆ.

ನಾಳೆ ಅರ್ಥಶಾಸ್ತ್ರ ಪರೀಕ್ಷೆ. ಓದಿದ್ದು ಒಂದೂ ಒಳಗೆ ಹೋಗುತ್ತಿಲ್ಲ.

ಡಿಸೆಂಬರ್ 17

ಜ್ವರ ಎಂದು ಅಕ್ಕನಿಗೆ ಮೆಸೇಜ್ ಹಾಕಿದೆ. ಅವರು ಗಂಜಿ ಅಂಗಡಿಯ ಕೂಪನ್ ಕಳಿಸಿದರು. 'ಶನಿವಾರದೊಳಗೆ ಹುಷಾರಾಗು, ನಿನ್ನನ್ನು ನಂಬಿಯೇ ಮೂರು ಸಂಸಾರ ಬರುತ್ತಿವೆ.'

ಗಂಜಿಯನ್ನು ಅಜ್ಜಿ ಕುಡಿದರು. ಏಡಿಯ ಗಂಜಿ. "ನಿನ್ನ ಜ್ವರ ರುಚಿಯಾಗಿದೆ," ಎಂದರು.

ಡಿಸೆಂಬರ್ 20, ಶನಿವಾರ

ಎಲ್ಲವನ್ನೂ ಬರೆಯುತ್ತೇನೆ. ಬರೆದರೆ ಸ್ವಲ್ಪ ಹಗುರಾಗಬಹುದು.

ಬೆಳಗ್ಗೆ ಬೇಗ ಎದ್ದು, ಗುಡ್ಡ ಇಳಿದು, ಮೆಟ್ರೋದಲ್ಲಿ ನಾಲ್ಕು ನಿಲ್ದಾಣ ಹಿಂದಕ್ಕೆ ಹೋಗಿ, ಅಲ್ಲಿಂದ ಉಳಿದವರ ಜೊತೆ ಮತ್ತೆ ಇದೇ ಗುಡ್ಡಕ್ಕೆ ಬಂದೆ. ದಾರಿ ಗೊತ್ತಿಲ್ಲದವಳ ಹಾಗೆ ಎಲ್ಲರ ಹಿಂದೆ ನಡೆದೆ. ಕಿರಾಣಿ ಅಂಗಡಿಯಾತ ಹಲ್ಲುಬಿಟ್ಟು, "ಏನು ಇಷ್ಟು ಬೇಗ ವಾಪಸ್ಸು?" ಎಂದ. ನಾನು ಕೇಳಿಸದವಳ ಹಾಗೆ ಪಕ್ಕದ ಮಗುವಿನ ಕೈಗವಸು ಸರಿಮಾಡಿದೆ.

ಮಕ್ಕಳು ಬಂದಿದ್ದೇ ಬಂದಿದ್ದು. ಕಾಲಿನವರೆಗೆ ಬರುವ ಪ್ಲಾಸ್ಟಿಕ್ ಏಪ್ರನ್, ಭುಜದವರೆಗೆ ತೋಳುಗವಸು. ದಾ-ಒನ್ ಎನ್ನುವ ಆರು ವರ್ಷದವಳು ಎಲ್ಲರಿಗಿಂತ ಗಂಭೀರ. ಒಂದೊಂದು ಬಿಲ್ಲೆಯನ್ನೂ ಮಲಗಿದ ಬೆಕ್ಕನ್ನು ಎತ್ತುವ ಹಾಗೆ ಎತ್ತುತ್ತಿದ್ದಳು.

ಅವಳಮ್ಮ, "ಸಾಕು ಮರಿ, ಕೈ ನೋಯತ್ತೆ," ಎಂದರೆ, "ಅಮ್ಮಾ, ಮಾತಾಡಿಸ್ಬೇಡ, ಬೀಳತ್ತೆ!"

ಅಜ್ಜಿ ಹೊಸ್ತಿಲಲ್ಲಿ ನಿಂತು ಒಬ್ಬೊಬ್ಬ ಮಗುವಿಗೂ ತಲೆಬಾಗಿ ಥ್ಯಾಂಕ್ಸ್ ಹೇಳುತ್ತಿದ್ದರು. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ. ನಾನು ಇಂಗ್ಲಿಷಿನಲ್ಲಿ ಅನುವಾದಿಸುತ್ತಿದ್ದೆ. "ಈ ಚಳಿಗಾಲ ನಿಮ್ಮ ದಯೆಯಿಂದ ಬೆಚ್ಚಗಿರ್ತೀನಿ ಅಂತ ಹೇಳ್ತಿದಾರೆ." ಒಬ್ಬ ತಂದೆಯ ಕಣ್ಣು ತುಂಬಿತು.

ಸ್ವಲ್ಪ ಹೊತ್ತಿಗೆ ಸಾಲು ನಿಂತಿತು. ಶೆಡ್ಡಿನ ಮುಂದೆ ಸೂರಿನಡಿ ಇದ್ದ ಸಣ್ಣ ಜಾಗವೂ ತುಂಬಿತ್ತು. ಲಾರಿಯಲ್ಲಿ ಇನ್ನೂ ಅರ್ಧ ಬಾಕಿ.

"ಅಜ್ಜಿ, ಉಳಿದದ್ದು ಎಲ್ಲಿಡೋದು?" ಯು-ರಿಮ್ ಅಕ್ಕ ಕೇಳಿದರು.

ಅಜ್ಜಿ ನನ್ನ ಕಡೆ ಒಂದು ಸಲ ನೋಡಿದರು. ಆಮೇಲೆ ನನ್ನ ಕೋಣೆಯ ಬಾಗಿಲು ಸರಿಸಿದರು. "ಇದು ಖಾಲಿ ಕೋಣೆ. ಇಲ್ಲಿ ತುಂಬಿ."

ಒಳಗೆ ನನ್ನದೊಂದೂ ಇರಲಿಲ್ಲ. ಪುಸ್ತಕ, ಹಾಸಿಗೆ, ಗೋಡೆಯ ಮೇಲಿನ ಕೋಟು, ಎಲ್ಲವನ್ನೂ ನಾನು ಮೆಟ್ರೋದಲ್ಲಿದ್ದ ಹೊತ್ತಿನಲ್ಲಿ ಅವರೊಬ್ಬರೇ ತೆಗೆದು ತಮ್ಮ ಕೋಣೆಗೆ ಸಾಗಿಸಿದ್ದರು. ನಾನು ಇಷ್ಟನ್ನು ಕೇಳಿರಲಿಲ್ಲ. ನಾನು ಕೇಳಿದ್ದನ್ನು ಅವರು ಪೂರ್ತಿ ಮಾಡಿದ್ದರು.

ಸಾಲು ಮತ್ತೆ ಹೊರಟಿತು. ನಾನು ನಿಂತಿದ್ದು ಕೋಣೆಯ ಬಾಗಿಲಲ್ಲಿ. ಹಿಂದಿನವರಿಂದ ತೆಗೆದುಕೊಳ್ಳುವುದು, ಒಳಗಿನವರಿಗೆ ಕೊಡುವುದು, 'ಹಿಡ್ಕೊಂಡ್ಯಾ?' ಎನ್ನುವುದು. ಮೊದಲು ನಾನು ಮಲಗುವ ಜಾಗ ಹೋಯಿತು. ಆಮೇಲೆ ಕೂತು ಓದುವ ಜಾಗ. ದಾ-ಒನ್ ಒಳಗೆ ಬಗ್ಗಿ ಬಿಲ್ಲೆ ಇಟ್ಟವಳು ಅಂಗೈಯನ್ನು ನೆಲಕ್ಕೆ ಒತ್ತಿದಳು.

"ಅಜ್ಜಿ, ಖಾಲಿ ಕೋಣೆಗೆ ಯಾಕೆ ಬಿಸಿ ಬಿಟ್ಟಿದೀರಾ?"

ಅಜ್ಜಿ, "ಕಲ್ಲಿದ್ದಲಿಗೂ ಚಳಿ ಆಗತ್ತಲ್ವಾ ಪುಟ್ಟಿ," ಎಂದರು. ಎಲ್ಲರೂ ಜೋರಾಗಿ ನಕ್ಕರು. ನಾನೂ ಅದನ್ನು ಇಂಗ್ಲಿಷಿಗೆ ಮಾಡಿ ಹೇಳಿದೆ. ಅವರೂ ನಕ್ಕರು.

ಕೊನೆಗೆ ಸುಟ್ಟ ಗೆಣಸು. ಅಜ್ಜಿ ನನ್ನ ಮುಂದೆ ತಟ್ಟೆ ಹಿಡಿದು, "ಸ್ಟೂಡೆಂಟ್, ನೀವೂ ತಗೊಳ್ಳಿ. ಕೈ ತಣ್ಣಗಾಗಿರ್ಬೇಕು ನಿಮ್ಮದು," ಎಂದರು. ಹುಟ್ಟಿದಾಗಿನಿಂದ ನನ್ನನ್ನು ಅವರು ನೀವು ಎಂದಿರಲಿಲ್ಲ.

ಎರಡೂ ಕೈಯಲ್ಲಿ ತೆಗೆದುಕೊಂಡೆ. ಮೂಗಿಗೆ ಮಸಿ ಹಚ್ಚಿಸಿಕೊಂಡೆ. ಫೋಟೋದಲ್ಲಿ ನಗುತ್ತಿದ್ದೇನೆ.

ಡಿಸೆಂಬರ್ 21

ಇನ್ನು ಅಜ್ಜಿಯ ಕೋಣೆಯಲ್ಲೇ ಮಲಗಬೇಕು. ಕೆಮ್ಮು. ಇಷ್ಟು ಕೆಮ್ಮುತ್ತಾರೆ ಎಂದು ಗೋಡೆಯ ಆಚೆಗೆ ಗೊತ್ತೇ ಆಗಿರಲಿಲ್ಲ. ಮಲಗಿದರೆ ಉಸಿರು ಸಿಗುವುದಿಲ್ಲವಂತೆ, ಎದ್ದು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಾರೆ. ಒಲೆಯ ಹೊಗೆ ಈ ಕೋಣೆಯ ಬಾಗಿಲ ಸಂದಿಯಿಂದಲೇ ಒಳಗೆ ಬರುತ್ತದೆ.

"ಡಾಕ್ಟರಿಗೆ ತೋರಿಸಿದ್ರಾ?"

"ತೋರಿಸ್ದೆ ಏನು. ಕಲ್ಲಿದ್ದಲು ಬಿಡಿ ಅಂದ್ರು."

"ಯಾವಾಗ ಅಂದ್ರು?"

"ನೀನಿನ್ನೂ ಹಾಸ್ಟೆಲಲ್ಲಿದ್ದೆ."

"ಬಂದೋರಿಗೆ ಯಾರಿಗಾದ್ರೂ ಹೇಳ್ಬಾರ್ದಾ ಅಜ್ಜಿ?"

"ಏನಂತ ಹೇಳ್ಲಿ? ನೆಲ ಬಿಸಿ ಮಾಡೋ ಗ್ಯಾಸ್ ಬಾಯ್ಲರ್ ತಂದುಕೊಡಿ ಅಂತಲಾ? ಬಾಯ್ಲರ್‌ನ ಮಕ್ಕಳು ಹೊರೋಕಾಗತ್ತಾ? ಆ ಸಣ್ಣದು ಎರಡು ಕೈಯಲ್ಲಿ ಹಿಡ್ಕೊಂಡು ಬಂತಲ್ಲ, ಅದರ ಮುಖ ನೋಡಿ ಇದು ಬೇಡ ಅಂತ ನೀನಾದ್ರೆ ಹೇಳ್ತಿದ್ಯಾ?"

ಹೇಳುತ್ತಿರಲಿಲ್ಲ. ಹೇಳಲಿಲ್ಲವಲ್ಲ.

ಡಿಸೆಂಬರ್ 22, ಸೋಮವಾರ

ಬಡಾವಣೆಯ ಕಚೇರಿಗೆ ಹೋಗಿದ್ದೆ. ಕೌಂಟರಿನ ಹೆಂಗಸು ನನ್ನ ಮುಖ ನೋಡಿ ಇಂಗ್ಲಿಷಿನಲ್ಲಿ ಶುರುಮಾಡಿದರು. "ನಾನು ಇಲ್ಲಿಯವಳೇ. ಮೇಲಿನ ಓಣಿ," ಎಂದೆ. ಅವರಿಗೆ ನಾಚಿಕೆಯಾಯಿತು, ಅದಕ್ಕೇ ಇರಬೇಕು ತುಂಬ ಸಹಾಯ ಮಾಡಿದರು. ಗ್ಯಾಸ್ ಪೈಪು ಈ ಶರತ್ಕಾಲದಲ್ಲೇ ನಮ್ಮ ಓಣಿಯ ಬಾಯಿಗೆ ಬಂದಿದೆ. ಶ್ವಾಸಕೋಶದ ತೊಂದರೆ ಇರುವ ವಯಸ್ಸಾದವರಿಗೆ ಬಾಯ್ಲರ್ ಹಾಕಿಕೊಡುವ ನೆರವೂ ಇದೆ. ನಮ್ಮ ಮನೆಯಿಂದ ಯಾರೂ ಕೇಳಿರಲಿಲ್ಲ, ಅಷ್ಟೇ. ಕಲ್ಲಿದ್ದಲು ಚೆನ್ನಾಗಿ ಬರುತ್ತಿದೆಯಲ್ಲ ಎಂದು ಅವರೂ ಸುಮ್ಮನಿದ್ದರಂತೆ.

"ಮನೆಯಲ್ಲಿ ಬೇರೆ ಯಾರಿದಾರೆ?" ಎಂದು ಕೇಳಿದರು.

"ನಾನಿದೀನಿ."

ಬುಧವಾರ ಮೇಸ್ತ್ರಿ ನೋಡಲು ಬರುತ್ತಾನೆ.

ಡಿಸೆಂಬರ್ 23

ಯು-ರಿಮ್ ಅಕ್ಕನ ಮೆಸೇಜ್. ಫೋಟೋಗಳು ಎಲ್ಲರಿಗೂ ಇಷ್ಟವಾಗಿವೆ. ಮಕ್ಕಳೆಲ್ಲ 'ಗೆಣಸಿನ ಅಜ್ಜಿ'ಯ ಮನೆಗೆ ಮತ್ತೆ ಹೋಗಬೇಕು ಎನ್ನುತ್ತಿದ್ದಾರಂತೆ. ಹೊಸ ಸಂಸಾರಗಳೂ ಸೇರಿಕೊಂಡಿವೆ. ಶನಿವಾರ 27ಕ್ಕೆ ಇನ್ನೊಂದು ಲಾರಿ. 'ಅಜ್ಜಿಯೂ ಫೋನಿನಲ್ಲಿ ಹೂಂ ಅಂದರು! ನೀನು ಬರಲೇಬೇಕು.'

'ಸರಿ ಅಕ್ಕ' ಎಂದು ಟೈಪ್ ಮಾಡಿ ಕಳಿಸಿದೆ. ಬೆರಳು ತಾನಾಗಿ ಕಳಿಸಿತು.

"ಇನ್ನೆಲ್ಲಿ ಇಡ್ತೀರಿ ಅಜ್ಜಿ?"

"ಪಡಸಾಲೇಲಿ ಇಟ್ಟರಾಯ್ತು."

"ಆಮೇಲೆ ನಾವು ಹೊರಗೆ ಹೋಗೋದು ಹೆಂಗೆ?"

"ನೀನು ಸಣ್ಣಗಿದೀಯ, ಅಡ್ಡಡ್ಡ ಹೋಗು."

ಡಿಸೆಂಬರ್ 24, ಬುಧವಾರ

ಮೇಸ್ತ್ರಿ ಬಂದ. ಕೋಣೆಯ ಬಾಗಿಲು ಸರಿಸಿ ಹಾಗೇ ನಿಂತ. ನೆಲದಿಂದ ಸೂರಿನವರೆಗೆ ಕಪ್ಪು.

"ಇದೇನಮ್ಮ, ಮನೇನೋ ಗೋಡೌನೋ?"

ಪೈಪು ಓಣಿಯಿಂದ ಒಳಗೆ ಬರಬಹುದಾದದ್ದು ಆ ಕೋಣೆಯ ಹಿಂದಿನ ಗೋಡೆಯಲ್ಲಿ ಮಾತ್ರ. ಬಾಯ್ಲರ್ ನೇತುಹಾಕುವುದೂ ಅಲ್ಲೇ. ಉಳಿದ ಗೋಡೆಗಳು ಮೊಳೆ ಹೊಡೆದರೆ ಉದುರುವಂಥವು. ಮೇಸ್ತ್ರಿ ಕೈಗೆ ಅಂಟಿದ ಮಸಿಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಸೋಮವಾರ ಈ ಓಣೀಲಿ ಎರಡು ಮನೆ ಕೆಲಸ ಇದೆ ನಂಗೆ. ಅಷ್ಟೊತ್ತಿಗೆ ಈ ಗೋಡೆ ಕಣ್ಣಿಗೆ ಕಂಡ್ರೆ ನಿಮ್ಮದನ್ನೂ ಮುಗಿಸ್ಕೊಡ್ತೀನಿ. ಇಲ್ಲಾಂದ್ರೆ ಸರದಿ ಹಿಂದಕ್ಕೆ ಹೋಗತ್ತೆ. ಚಳಿ ಮುಗಿದ್ಮೇಲೇ ಆಗಬೋದು."

"ಆಗಲಿ ಬಿಡಿ, ಅವಸರ ಏನಿಲ್ಲ," ಎಂದರು ಅಜ್ಜಿ, ಎರಡು ಸಲ ಕೆಮ್ಮಿ.

"ಅವಸರ ಇದೆ," ಎಂದೆ ನಾನು.

ಡಿಸೆಂಬರ್ 25

ಅಪ್ಪನ ಕ್ರಿಸ್ಮಸ್ ಮೆಸೇಜ್ ಬಂತು. ಒಂದು ಮರದ ಚಿತ್ರ. ನೋಡಿದೆ.

ಬೆಳಗಿನಿಂದ ಬಿಲ್ಲೆ ಹೊರಗೆ ಸಾಗಿಸುತ್ತಿದ್ದೇನೆ. ಅಂಗಳದಲ್ಲಿಟ್ಟರೆ ಹಿಮ ಬಿದ್ದು ನೆನೆದು ಪುಡಿಯಾಗುತ್ತವೆ. ಶೆಡ್ ತುಂಬಿದೆ. ಹಾಗಾಗಿ ನಮ್ಮ ಮನೆಯ ಹಿಂದಿನ ಕಡಿದಾದ ಮೆಟ್ಟಿಲು ಹತ್ತಿ ಮೇಲಿನ ಮನೆಗಳಿಗೆ ಕೊಟ್ಟು ಬರುವುದೆಂದು ಹೊರಟೆ. ಮೊದಲ ಮನೆಯ ನಾಮ್ ತಾತ ಬಾಗಿಲು ತೆಗೆದವರು ನನ್ನ ಹಿಂದೆ ಮುಂದೆ ಯಾರಿದ್ದಾರೆ ಎಂದು ನೋಡಿದರು.

"ಕ್ಯಾಮೆರಾ ಎಲ್ಲಿ?"

"ಕ್ಯಾಮೆರಾ ಇಲ್ಲ ತಾತ. ನಾನು ಕೆಳಗಿನ ಮನೆಯವಳು."

"ಓಹೋ, ಆ ಅಜ್ಜಿ ಮೊಮ್ಮಗಳು! ನಮ್ಮನೆಗೆ ಯಾರೂ ಹತ್ತಿ ಬರಲ್ಲಮ್ಮ. ಮಕ್ಕಳಿಗೆ ಮೆಟ್ಟಿಲು ಕಡಿದಾಯ್ತಂತೆ. ನಾಲ್ಕು ಮನೆ ಇದೀವಿ ಇಲ್ಲಿ. ದಿನಕ್ಕೆ ಒಂದೇ ಬಿಲ್ಲೆ ಉರಿಸ್ತೀವಿ, ಕೋಟು ಹಾಕ್ಕೊಂಡೇ ಮಲಗ್ತೀವಿ."

ಒಂದು ಸಲಕ್ಕೆ ಎರಡೇ ಹೊರಲಾಗುತ್ತದೆ. ಮಧ್ಯಾಹ್ನವಾದರೂ ಹತ್ತಿ ಇಳಿಯುತ್ತಲೇ ಇದ್ದೆ. ಕೋಣೆಯಲ್ಲಿ ಒಂದು ಮೂಲೆಯಷ್ಟೇ ಸವೆದಿತ್ತು. ಅಜ್ಜಿ ತಾವೂ ಒಂದು ಎತ್ತಿಕೊಂಡು ಬಂದವರು ಮೂರನೇ ಮೆಟ್ಟಿಲಲ್ಲಿ ಕೂತುಬಿಟ್ಟರು. ತುಟಿ ನೀಲಿಯಾಗಿತ್ತು. ಮಡಿಲಲ್ಲಿ ಬಿಲ್ಲೆ.

ನಾನು ಪಕ್ಕದಲ್ಲಿ ಕೂತೆ.

"ಸಂಘದವರನ್ನ ಕರೀತೀನಿ ಅಜ್ಜಿ. ತುಂಬೋಕೆ ಅಲ್ಲ, ತೆಗೆಯೋಕೆ."

"ಬೇಡ ಕಣೇ. ಆಮೇಲೆ ಅವರು ಬರೋದೇ ನಿಲ್ಸಿಬಿಡ್ತಾರೆ."

"ಗ್ಯಾಸ್ ಬಂದ್ಮೇಲೆ ಅವರು ಯಾಕೆ ಬೇಕು?"

ಅಜ್ಜಿ ಉಸಿರು ಸರಿಯಾಗುವ ತನಕ ಕಾದರು. "ಕಲ್ಲಿದ್ದಲಿಗೆ ಅಂತ ಯಾರು ಹೇಳಿದ್ರು? ನೀನು ಹಾಸ್ಟೆಲಲ್ಲಿದ್ದೆ, ನಿಮ್ಮಮ್ಮ ಬುಸಾನಲ್ಲಿ. ವರ್ಷದಲ್ಲಿ ಒಂದು ದಿನ ಈ ಅಂಗಳದಲ್ಲಿ ಮಕ್ಕಳು ಕಿರಿಚಾಡ್ತಾವೆ. ಅದಕ್ಕೆ ಶೆಡ್ ತುಂಬಿಸ್ಕೊಂಡ್ರೆ ಏನು ನಷ್ಟ ಅಂದ್ಕೊಂಡೆ."

ಅವರ ಮಡಿಲಿನ ಬಿಲ್ಲೆಯನ್ನು ತೆಗೆದು ನನ್ನ ಮಡಿಲಿಗೆ ಇಟ್ಟುಕೊಂಡೆ.

"ಮಕ್ಕಳನ್ನೇ ಕರೀತೀನಿ. ಲಾರಿ ಬೇಡ ಅಂತೀನಿ, ಅಷ್ಟೇ."

"ಯಾರ ಮನೆ ಅಂತ ಹೇಳ್ತೀಯ? ನಿನ್ನನ್ನ ರಾಜಕುಮಾರಿ ಅನ್ನೋ ಆ ಗೆಳೆಯರಿಗೆ?"

"ನಮ್ಮ ಮನೆ ಅಂತ."

"ನಗ್ತಾರೆ."

"ನಗ್ಲಿ. ಕೈ ಖಾಲಿ ಇಟ್ಕೊಂಡು ನಗ್ಬಾರ್ದು, ಸಾಲಲ್ಲಿ ನಿಂತು ನಗ್ಲಿ."

ಅಜ್ಜಿ ನಕ್ಕರು, ಕೆಮ್ಮಿದರು, ಮತ್ತೆ ನಕ್ಕರು. ಒಳಗೆ ಹೋಗಿ ಎಷ್ಟು ಗೆಣಸಿದೆ ಎಂದು ನೋಡುತ್ತಿದ್ದಾರೆ. ನಾನು ಇನ್ನೂ ಮೆಟ್ಟಿಲ ಮೇಲೇ ಇದ್ದೇನೆ. ಕಳಿಸುವ ಮೊದಲು ಇಲ್ಲಿ ಬರೆದುಕೊಳ್ಳುತ್ತಿದ್ದೇನೆ, ನಡುವೆ ಧೈರ್ಯ ಕೈಕೊಟ್ಟರೆ ನೋಡಿ ಬರೆಯಬಹುದು.

'ಯು-ರಿಮ್ ಅಕ್ಕ, ಶನಿವಾರ ಸಂಸಾರಗಳೆಲ್ಲ ಬರಲಿ, ಲಾರಿ ಬೇಡ. ಹೋದ ವಾರ ನಾವು ಕಲ್ಲಿದ್ದಲು ತುಂಬಿದ ಕೋಣೆ ನನ್ನದು. ಗೆಣಸಿನ ಅಜ್ಜಿ ನನ್ನ ಅಮ್ಮನ ಅಮ್ಮ. ನಾನು ಅವರ ಜೊತೆಯೇ ಇರುವುದು, ಚಿಕ್ಕಮ್ಮ ಎಂದು ಹೇಳಿದ್ದು ಸುಳ್ಳು. ಅವರಿಗೆ ಕಲ್ಲಿದ್ದಲ ಹೊಗೆ ಆಗುವುದಿಲ್ಲ. ಸೋಮವಾರ ಗ್ಯಾಸ್ ಬಾಯ್ಲರ್ ಹಾಕಲು ಬರುತ್ತಾರೆ, ಅಷ್ಟರಲ್ಲಿ ಆ ಕೋಣೆಯ ಹಿಂದಿನ ಗೋಡೆ ಖಾಲಿಯಾಗಬೇಕು. ಆಗದಿದ್ದರೆ ಚಳಿಗಾಲವೆಲ್ಲ ಅಜ್ಜಿ ಈ ಹೊಗೆಯಲ್ಲೇ ಇರಬೇಕು. ಹಿಂದಿನ ಮೆಟ್ಟಿಲು ಹತ್ತಿದರೆ ನಾಲ್ಕು ಮನೆಗಳಿವೆ, ಅಲ್ಲಿಗೆ ಯಾರೂ ಹೋಗಿಲ್ಲ. ಮಕ್ಕಳು ಅಂಗಳದಲ್ಲಿ ನಿಲ್ಲಲಿ, ದೊಡ್ಡವರು ಮೆಟ್ಟಿಲ ಮೇಲೆ ನಿಲ್ಲಲಿ, ಕೈಯಿಂದ ಕೈಗೆ ಮೇಲಕ್ಕೆ ದಾಟಿಸೋಣ. ಇಂಗ್ಲಿಷಿನವರಿಗೆ ನಾನು ಹೇಳುತ್ತೇನೆ. ಒಪ್ಪಿಗೆಯಾ ಇಲ್ಲವಾ ತಿಳಿಸಿ. ನೀವು ಬರದಿದ್ದರೆ ನಾನು ಈಗಲೇ ಬೇರೆಯವರನ್ನು ಹುಡುಕಬೇಕು. ಬೇಗ ಉತ್ತರ ಕೊಡಿ.'